ಹೆರುವ ಯೋಜನೆ: ಇದೆ

ಮಾರ್ಚ್ 3, ಸೋಮವಾರ

ಪ್ರಚಾರದ ವಿಡಿಯೊ ಒಂದೇ ಟೇಕಿಗೆ ಮುಗಿಸಿಬಿಟ್ಟೆ. "ಇನ್ನೊಂದು ಸಲ ತೆಗೆಯೋಣ ಫಾಂಗ್ ಅಕ್ಕ, ಇರಲಿ" ಅಂತ ನಮ್ಮ ಕಚೇರಿಯ ಮುಖ್ಯಸ್ಥ ಡೌ ಸಾಹೇಬರು ಗೋಗರೆದರು. ಏನೂ ಬೇಕಾಗಿಲ್ಲ, ಸರಿಯಾಗೇ ಬಂದಿದೆ ಅಂದೆ. ನೋಡಿದರೆ ಸರಿಯಾಗೇ ಬಂದಿತ್ತು. ಕೆಂಪು ಸ್ವೆಟರು, ಹಿಂದೆ ನಮ್ಮ ಹುವಾಯ್ಶು ಬೀದಿಯ ವಾರ್ಡ್ ಕಚೇರಿಯ ಗೋಡೆ, ಮುಂದೆ ನಾನು. "ವಯಸ್ಸಿಗೆ ಸರಿಯಾಗಿ ಮದುವೆ, ಮದುವೆಗೆ ಸರಿಯಾಗಿ ಮಕ್ಕಳು, ಮೂರಾದರೆ ಮನೆ ತುಂಬ ನಗು!" ಈ ಸಾಲು ನನ್ನದೇ. ಮೇಲಿನವರು ಬರೆದು ಕಳಿಸಿದ್ದು ಕೇಳಿದರೆ ಯಾರಿಗಾದರೂ ಆಕಳಿಕೆ ಬರುತ್ತಿತ್ತು.

ನಿವೃತ್ತಿಯಾಗಿ ಮೂರು ವರ್ಷವಾಯಿತು. ಈಗ ಒಂದು ವರ್ಷದ ಮಟ್ಟಿಗೆ ಮತ್ತೆ ಕರೆದಿದ್ದಾರೆ. ನನ್ನನ್ನಲ್ಲದೆ ಇನ್ಯಾರನ್ನು ಕರೆಯುತ್ತಾರೆ? ಮೂವತ್ತೆರಡು ವರ್ಷ ಜನನ ನಿಯಂತ್ರಣ ವಿಭಾಗದಲ್ಲಿ ದುಡಿದವಳು. ಈ ಬೀದಿಯಲ್ಲಿ ಯಾರಿಗೆ ಎಷ್ಟು ತಿಂಗಳು ಅಂತ ಅವರ ಅತ್ತೆಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆಗ ಬೇಡ ಅಂತ ಒಪ್ಪಿಸುವ ಕೆಲಸ, ಈಗ ಬೇಕು ಅಂತ ಒಪ್ಪಿಸುವ ಕೆಲಸ. ಕೆಲಸ ಕೆಲಸವೇ.

ವಿಡಿಯೊಗೆ ಬರುವ ಕಾಮೆಂಟುಗಳನ್ನು ನೋಡಿಕೊಳ್ಳುವುದೂ ನನಗೇ ವಹಿಸಿದ್ದಾರೆ. ಕಚೇರಿಯ ಖಾತೆ ನನ್ನ ಫೋನಿನಲ್ಲೇ ಇದೆ. ಬಂದದ್ದೆಲ್ಲ ಹೊರಗೆ ಕಾಣುವುದಿಲ್ಲ, ನಾನು ಆರಿಸಿ ಒತ್ತಿದ್ದು ಮಾತ್ರ ಕಾಣುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈಗೆ ಇದೇನು ದೊಡ್ಡದು.

ಮಾರ್ಚ್ 5, ಬುಧವಾರ

ನಾನೂರ ಹನ್ನೆರಡು ಕಾಮೆಂಟು! ನಮ್ಮ ಕಚೇರಿ ಹುಟ್ಟಿದ ಮೇಲೆ ಯಾವುದಕ್ಕೂ ಇಷ್ಟು ಬಂದಿರಲಿಲ್ಲ. ಬೀದಿ ದೀಪ ರಿಪೇರಿಯ ಸುದ್ದಿಗೆ ಎರಡು ಬಂದಿದ್ದವು, ಅದರಲ್ಲಿ ಒಂದು ನನ್ನದೇ.

ಈ ಕಾಲದ ಹುಡುಗಿಯರಿಗೆ ನಾಲಿಗೆ ಮಾತ್ರ ಚೆನ್ನಾಗಿ ಬೆಳೆದಿದೆ. ಕೆಲವನ್ನು ಇಲ್ಲಿ ಬರೆದಿಡುತ್ತೇನೆ, ಮುಂದೆ ಉತ್ತರ ಕೊಡಲು ಬೇಕಾಗುತ್ತದೆ.

"ಚಿಕ್ಕಮ್ಮ, ಮೊದ್ಲು ಸಂಜೆ ಆರಕ್ಕೆ ಮನೆಗೆ ಬಿಡೋ ಕೆಲಸ ಕೊಡ್ಸಿ, ಆಮೇಲೆ ಗಂಡು ನೋಡೋಣ."

"ನಮ್ಮನೆ ಬೆಕ್ಕು ಮೂರು ಮರಿ ಹಾಕಿದೆ. ನನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳಿ."

"ನಾನು ಎರಡನೇ ಮಗು. ನಾನು ಹುಟ್ಟಿದ್ದಕ್ಕೆ ಅಪ್ಪ ದಂಡ ಕಟ್ಟಿದ್ದಾರೆ. ರಸೀದಿ ಇದೆ, ಯಾವಾಗ ಬರಲಿ?"

"ನೀವು ಹೆರಿ ಚಿಕ್ಕಮ್ಮ, ನಾವು ಲೈಕ್ ಒತ್ತುತೀವಿ."

ಒಬ್ಬರಂತೂ ಹಳೇ ಫೋಟೊ ಹುಡುಕಿ ಹಾಕಿದ್ದಾರೆ. ಅದೇ ಗೋಡೆ, ಅದರ ಮೇಲೆ "ಒಂದೇ ಮಗು, ಅದೇ ಸಾಕು" ಅಂತ ದೊಡ್ಡ ಅಕ್ಷರ. ಅದನ್ನು ಬರೆಸಿದ್ದೂ ನಾನೇ. ಅಕ್ಷರ ಆಗ ಇನ್ನೂ ಚೆನ್ನಾಗಿದ್ದವು, ಈಗಿನ ಪೇಂಟರು ದಪ್ಪಕ್ಕೆ ಬಳಿಯುತ್ತಾನೆ.

ಆರು ಒಳ್ಳೆಯ ಕಾಮೆಂಟು ಆರಿಸಿ ಹಾಕಿದೆ. ಎಲ್ಲಕ್ಕಿಂತ ಹಿಡಿಸಿದ್ದು ಒಬ್ಬ ಹೆಣ್ಣುಮಗಳು ಬರೆದದ್ದು. "ಚಿಕ್ಕಮ್ಮನ ಮಾತು ಕೇಳಿ ಕಣ್ಣು ತೆರೀತು. ನಾಳೇನೇ ಮೂವರನ್ನ ಹೆರ್ತೀನಿ, ಆಫೀಸ್ ಮೇಜಿನ ಕೆಳಗೇ ತೊಟ್ಟಿಲು ಕಟ್ತೀನಿ, ಮ್ಯಾನೇಜರ್ ತೂಗ್ಲಿ." ಎಂಥ ಉತ್ಸಾಹ! ಅದನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ.

ಮಾರ್ಚ್ 6, ಗುರುವಾರ

ಅದು ಗೇಲಿಯಂತೆ. ಡೌ ಸಾಹೇಬರು ಬೆಳಿಗ್ಗೆ ಫೋನ್ ಮಾಡಿ ತೆಗೆಸಿದರು. ಅಷ್ಟರೊಳಗೆ ಹನ್ನೊಂದು ಸಾವಿರ ಲೈಕ್ ಬಿದ್ದಿತ್ತು. ಗೇಲಿ ಮಾಡುವವರು ಕೆಳಗೆ ಗೇಲಿ ಅಂತ ಬರೆಯಬಾರದೇ?

ಜನ ಪದೇ ಪದೇ ಕೇಳುತ್ತಿರುವುದು ಒಂದೇ: "ಚಿಕ್ಕಮ್ಮ, ನಿಮಗೆಷ್ಟು ಮಕ್ಕಳು?" ಉತ್ತರ ಬರೆದು ಹಾಕಿದೆ: "ಒಬ್ಬಳೇ ಮಗಳು. ಆಗ ದೇಶಕ್ಕೆ ಒಂದು ಬೇಕಿತ್ತು, ಈಗ ಮೂರು ಬೇಕು." ಹಿಂದೆಯೇ ಯಾರೋ ಬರೆದರು: "ದೇಶಕ್ಕೆ ಬೇಕಾಗಿದ್ದು ಗೊತ್ತಾಯ್ತು. ನಿಮಗೆ ಎಷ್ಟು ಬೇಕಿತ್ತು?"

ಅಧಿಕಪ್ರಸಂಗ. ಅದನ್ನು ಹೊರಗೆ ಬಿಡಲಿಲ್ಲ.

ಮಾರ್ಚ್ 7, ಶುಕ್ರವಾರ

ಪಟ್ಟಿ ಬಂತು. ಮದುವೆಯಾಗಿ ಮಕ್ಕಳಿಲ್ಲದ ಹೆಂಗಸರು, ನಮ್ಮ ವಾರ್ಡಿನಲ್ಲಿ ಎಂಬತ್ತಾರು ಜನ. ಒಬ್ಬೊಬ್ಬರಿಗೂ ಫೋನ್ ಮಾಡಿ "ಹೆರುವ ಯೋಜನೆ" ಎಂಬ ಕಾಲಂನಲ್ಲಿ "ಇದೆ" ಅಥವಾ "ಇಲ್ಲ" ಅಂತ ಗುರುತು ಹಾಕಬೇಕು. ಸೋಮವಾರ ಸಂಜೆಯೊಳಗೆ ಮೇಲಕ್ಕೆ ಹೋಗಬೇಕು.

ನಲವತ್ತೇಳನೆಯ ಸಾಲಿನಲ್ಲಿ ಲು ಯಿಂಗ್. ನನ್ನ ಮಗಳು. ನಗು ಬಂತು.

ಇಡೀ ದಿನ ಫೋನು. ಒಬ್ಬಳು "ನಿಮ್ಮ ಯೋಜನೆ ಏನು ಚಿಕ್ಕಮ್ಮ, ಹೇಳಿ, ನಾನೂ ಬರ್ಕೊತೀನಿ" ಅಂದಳು. ಇನ್ನೊಬ್ಬಳು ಫೋನನ್ನು ಗಂಡನ ಕೈಗೆ ಕೊಟ್ಟಳು, ಅವನು "ಹೆರೋದು ನಾನಲ್ಲ" ಅಂತ ಇಟ್ಟ. ಹದಿನೆಂಟು ಜನ ಎತ್ತಲೇ ಇಲ್ಲ. ಎತ್ತದವರಿಗೆ "ಇದೆ" ಅಂತ ಹಾಕಿದೆ. ಯೋಜನೆ ಇಲ್ಲದವರು ಎತ್ತಿ ಬೈಯುತ್ತಾರೆ, ಇರುವವರು ನಾಚಿಕೊಂಡು ಸುಮ್ಮನಿರುತ್ತಾರೆ. ಮೂವತ್ತೆರಡು ವರ್ಷದ ಅನುಭವ ಸುಮ್ಮನೆ ಬಂದದ್ದಲ್ಲ.

ಯಿಂಗ್‌ಗೆ ಫೋನ್ ಮಾಡಲಿಲ್ಲ. ಭಾನುವಾರ ಹೇಗೂ ಊಟಕ್ಕೆ ಬರುತ್ತಾಳೆ.

ಮಾರ್ಚ್ 9, ಭಾನುವಾರ

ಹಂದಿಮಾಂಸ, ಸೆಲರಿ ತುಂಬಿದ ಡಂಪ್ಲಿಂಗ್ ಮಾಡಿದೆ. ಯಿಂಗ್ ಇಪ್ಪತ್ತೆರಡು ತಿಂದಳು. ಮುಖದಲ್ಲಿ ಕಳೆ ಇತ್ತು. ಫ್ರಿಜ್ಜಿನ ಬಿಡಿಭಾಗದ ಕಾರ್ಖಾನೆಯಲ್ಲಿ ಅವಳಿಗೆ ಒಂಬತ್ತನೆಯ ವರ್ಷ. ಹೊಸ ವಿಭಾಗ ತೆರೆಯುತ್ತಿದ್ದಾರಂತೆ, ಮುಖ್ಯಸ್ಥರ ಜಾಗಕ್ಕೆ ಇಬ್ಬರ ಹೆಸರಿದೆಯಂತೆ, ಒಂದು ಅವಳದು.

"ಇನ್ನೊಂದು ಯಾರದೇ?"

"ಗಾವ್ ಅಂತ. ನಂಗಿಂತ ನಾಲ್ಕು ವರ್ಷ ಚಿಕ್ಕೋನು. ಕೆಲಸ ಅಷ್ಟಕ್ಕಷ್ಟೆ. ಈ ಸಲ ನಂಗೇ ಆಗುತ್ತೆ ಅಮ್ಮ, ಆಗ್ಲೇಬೇಕು."

"ಆಗುತ್ತೆ ಬಿಡು. ಅದಾದ ಮೇಲೆ ಮಗು..."

"ಅಮ್ಮ, ಅದೊಂದು ಬಿಟ್ಟು ಬೇರೆ ಮಾತಾಡು."

ಬೇರೆ ಮಾತಾಡಿದೆ. ಅವಳು ಬೇಡ ಅನ್ನಲಿಲ್ಲ. ಬೇಡ ಅನ್ನುವವಳು ಬೇಡ ಅಂತಲೇ ಅನ್ನುತ್ತಿದ್ದಳು, ಅವಳ ಬಾಯಿ ನನಗೆ ಗೊತ್ತಿಲ್ಲವೇ.

ಮಾರ್ಚ್ 10, ಸೋಮವಾರ

ಪಟ್ಟಿ ಮುಗಿಸಿ ಕಳಿಸಿದೆ. ನಲವತ್ತೇಳನೆಯ ಸಾಲು: "ಇದೆ. ಮಾರ್ಚ್ 7, ಸಂಜೆ 4.10ಕ್ಕೆ ಫೋನಿನಲ್ಲಿ ವಿಚಾರಿಸಲಾಗಿದೆ." ಸಮಯ ಬರೆಯದಿದ್ದರೆ ಕಂಪ್ಯೂಟರು ಮುಂದಿನ ಸಾಲಿಗೆ ಹೋಗಲು ಬಿಡುವುದಿಲ್ಲ. ಮಗಳ ಮನಸ್ಸು ತಾಯಿಗೆ ಗೊತ್ತಿಲ್ಲದೆ ಕಂಪ್ಯೂಟರಿಗೆ ಗೊತ್ತಿರುತ್ತದೆಯೇ.

ಇಡೀ ಜಿಲ್ಲೆಯಲ್ಲಿ ನಮ್ಮ ವಾರ್ಡೇ ಮೊದಲು. ಡೌ ಸಾಹೇಬರು ಎಲ್ಲರೆದುರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮಾರ್ಚ್ 18, ಮಂಗಳವಾರ

"ತಾಯಿಸ್ನೇಹಿ ಕಾರ್ಖಾನೆ" ಕಾರ್ಯಕ್ರಮ ಶುರುವಾಯಿತು. "ಇದೆ" ಅಂದವರ ಕೆಲಸದ ಜಾಗಕ್ಕೇ ಹೋಗಿ, ಮ್ಯಾನೇಜರ ಕೈಗೆ ಅಭಿನಂದನೆಯ ಪತ್ರ, ಆ ಹೆಂಗಸಿನ ಕೈಗೆ ಬಸುರಾಗುವ ಮೊದಲು ತೆಗೆದುಕೊಳ್ಳುವ ಫೋಲಿಕ್ ಆಸಿಡ್ ಮಾತ್ರೆಯ, ಕೆಂಪು ರಿಬ್ಬನ್ ಕಟ್ಟಿದ ಡಬ್ಬಿ. ಯೋಜನೆ ಡೌ ಸಾಹೇಬರದು, ರಿಬ್ಬನ್ ನನ್ನದು. ನಾನು ಹೋಗಲಿಲ್ಲ, ಕಾಮೆಂಟು ರಾಶಿ ಬಿದ್ದಿತ್ತು. ಫೋಟೊ ಬಂದವು. ಯಿಂಗ್ ಡಬ್ಬಿ ಹಿಡಿದು ನಿಂತಿದ್ದಾಳೆ, ಸುತ್ತಲೂ ಚಪ್ಪಾಳೆ. ಮುಖ ಸ್ವಲ್ಪ ಬಿಗಿಯಾಗಿದೆ, ಅವಳು ಫೋಟೊದಲ್ಲಿ ಯಾವತ್ತೂ ಹಾಗೇ.

ಸಂಜೆ ಫೋನ್ ಮಾಡಿದೆ, ಎತ್ತಲಿಲ್ಲ.

ಮಾರ್ಚ್ 25, ಮಂಗಳವಾರ

ಆ ಜಾಗ ಗಾವ್‌ಗೆ ಹೋಯಿತಂತೆ. ಯಿಂಗ್ ನನಗೆ ಹೇಳಲಿಲ್ಲ, ಅವರಪ್ಪನಿಗೆ ಹೇಳಿದಳು. ನಮ್ಮನೆಯವರು ಬಸ್ಸು ಓಡಿಸಿ ನಿವೃತ್ತರಾದವರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಇವತ್ತು ಐದನೆಯದನ್ನೂ ಆಡಿದರು: "ನಿಮ್ಮ ಕಚೇರಿಯವರು ಮಾತ್ರೆ ಡಬ್ಬಿ ಯಾಕೆ ಕಳಿಸಿದ್ರು ಅವಳಿಗೆ?"

ಮಾತ್ರೆಗೂ ಇದಕ್ಕೂ ಏನು ಸಂಬಂಧ! ಕಾರ್ಖಾನೆಯವರು ಗಂಡಸರನ್ನೇ ಮೇಲೆ ಕೂರಿಸುತ್ತಾರೆ, ಮೊದಲಿನಿಂದಲೂ ಹಾಗೇ.

ಮಾರ್ಚ್ 26, ಬುಧವಾರ

ಬೆಳಿಗ್ಗೆ ಖಾತೆ ತೆರೆದರೆ ಸಾವಿರಗಟ್ಟಲೆ ಜನ ಯಾರೋ ಬರೆದ ಒಂದೇ ಬರಹವನ್ನು ನಮಗೆ ಟ್ಯಾಗ್ ಮಾಡಿ ಕಳಿಸಿದ್ದರು. ಹೆಸರಿಲ್ಲ. ನಮ್ಮ ಕಚೇರಿಯ ಹೆಸರು ಮಾತ್ರ ಇದೆ.

"ಒಂಬತ್ತು ವರ್ಷ ದುಡಿದೆ. ನನ್ನ ಬಡ್ತಿ ಹದಿನೆಂಟನೇ ತಾರೀಖಿನವರೆಗೂ ನನ್ನದಾಗಿತ್ತು. ಅವತ್ತು ವಾರ್ಡ್ ಕಚೇರಿಯವರು ರಿಬ್ಬನ್ ಕಟ್ಟಿದ ಡಬ್ಬಿ ತಂದು, ಇವರು ಮಗು ಹೆರಲಿದ್ದಾರೆ ಅಂತ ನನ್ನ ಮ್ಯಾನೇಜರಿಗೆ ಅಭಿನಂದನೆ ಹೇಳಿದರು. ಹಾಗಂತ ನಾನು ಯಾರಿಗೂ ಹೇಳಿಲ್ಲ. ನನ್ನನ್ನು ಯಾರೂ ಕೇಳಿಯೂ ಇಲ್ಲ. ಮ್ಯಾನೇಜರು ಅಂದರು, ಪಾಪ, ನಿಮಗೆ ಈಗ ಯಾಕೆ ಇಷ್ಟು ಭಾರದ ಜವಾಬ್ದಾರಿ."

ಎರಡು ಸಲ ಓದಿದೆ. "ಪಾಪ" ಅನ್ನುವಲ್ಲಿ ಯಿಂಗ್‌ಳ ದನಿಯೇ ಕೇಳಿಸಿತು.

ಡೌ ಸಾಹೇಬರು ಓಡಿ ಬಂದರು. "ಫಾಂಗ್ ಅಕ್ಕ, ದಾಖಲೆ ಏನು ಹೇಳುತ್ತೆ?" ದಾಖಲೆ ಸರಿಯಾಗಿದೆ ಅಂದೆ. "ಹಾಗಾದ್ರೆ ಹಾಗೇ ಬರೀರಿ." ಬರೆದೆ: "ಮಾರ್ಚ್ 7ರ ಸಂಜೆ 4.10ಕ್ಕೆ ಸದರಿ ಮಹಿಳೆಯನ್ನು ಫೋನಿನಲ್ಲಿ ವಿಚಾರಿಸಿ, ಅವರ ಹೇಳಿಕೆಯಂತೆಯೇ ನಮೂದಿಸಲಾಗಿದೆ." ಒಂದು ಅಕ್ಷರ ತಪ್ಪಿಲ್ಲದೆ ಬರೆದೆ. ಒತ್ತಿದೆ.

ಅವಳ ಹೆಸರು ಹಾಕಿಲ್ಲವಲ್ಲ. ಎರಡು ದಿನಕ್ಕೆ ತಣ್ಣಗಾಗುತ್ತದೆ.

ಮಾರ್ಚ್ 27, ಗುರುವಾರ

ತಣ್ಣಗಾಗಲಿಲ್ಲ. ಅವಳು ತನ್ನ ಫೋನಿನ ಕರೆಗಳ ಪಟ್ಟಿಯ ಚಿತ್ರ ಹಾಕಿದಳು. ಏಳನೆಯ ತಾರೀಖು ಸಂಜೆ ನಾಲ್ಕರಿಂದ ಐದರವರೆಗೆ ಖಾಲಿ.

ಅರ್ಧ ಜನ ಅವಳ ಪರ. ಇನ್ನರ್ಧ ಜನ ಅವಳನ್ನು ಬೈಯುತ್ತಿದ್ದಾರೆ. ಕರೆ ಅಳಿಸಿ ನಾಟಕ ಆಡುತ್ತಾಳೆ ಅಂತೆ, ಬಡ್ತಿ ಸಿಗದ ಹೊಟ್ಟೆಕಿಚ್ಚಂತೆ, ಇಂಥವಳಿಗೆ ಮಗು ಆಗದಿದ್ದರೇ ಒಳ್ಳೆಯದಂತೆ. ಅವರೆಲ್ಲರೂ ಸಾಕ್ಷಿ ಅಂತ ತೋರಿಸುತ್ತಿರುವುದು ನನ್ನ ಉತ್ತರವನ್ನು.

ಕೊನೆಯದನ್ನು ಬರೆದವನು ಯಾರೋ, ಕೈಗೆ ಸಿಕ್ಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ.

ಮಾರ್ಚ್ 28, ಶುಕ್ರವಾರ

ಯಿಂಗ್ ಬಂದಳು. ಶೂ ಬಿಚ್ಚಲಿಲ್ಲ. ಬಾಗಿಲ ಹತ್ತಿರವೇ ನಿಂತಳು.

"ನಮ್ಮ ವಾರ್ಡಿನ ಫೋನು ಮಾಡೋದು ನೀನೊಬ್ಳೇ ಅಂತೆ. ಏಳನೇ ತಾರೀಖು ನಾಲ್ಕು ಹತ್ತಕ್ಕೆ ನಂಗೆ ಫೋನ್ ಮಾಡಿದ್ಯಾ?"

"ನೀನು ಭಾನುವಾರ ಹೇಗೂ ಬರ್ತಿದ್ದೆ..."

"ಮಾಡಿದ್ಯಾ?"

"ಇಲ್ಲ."

"ಇದೆ ಅಂತ ಹಾಕಿದ್ದು ನೀನೇ?"

"ನೀನು ಬೇಡ ಅಂತ ಅನ್ನಲಿಲ್ಲ ಕಣೆ."

"ಬೇಕು ಅಂತಾನೂ ಅನ್ನಲಿಲ್ವಲ್ಲಮ್ಮ."

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅದು ನನಗೆ ಬರುತ್ತದೆ. ಅವಳು ಕೂಗಾಡಲಿಲ್ಲ. "ನೆಟ್‌ನಲ್ಲಿ ನನ್ನನ್ನ ಸುಳ್ಳುಗಾತಿ ಅಂತಿದ್ದಾರೆ ಅಮ್ಮ" ಅಂದಳು. ಹೋದಳು. ಅವಳಪ್ಪ ಚಪ್ಪಲಿ ಹಾಕಿಕೊಂಡು ಬಸ್ ನಿಲ್ದಾಣದವರೆಗೂ ಹಿಂದೆ ಹೋದರು.

ಮಾರ್ಚ್ 29, ಶನಿವಾರ

ನಮ್ಮನೆಯವರು ಇವತ್ತು ಆರನೆಯ ಮಾತನ್ನೂ ಆಡಿದರು. ಮೂಲಂಗಿ ಹೆಚ್ಚುತ್ತಿದ್ದವರು ತಲೆ ಎತ್ತದೆ ಕೇಳಿದರು: "ತೊಂಬತ್ತೈದರಲ್ಲಿ ನಿನ್ನ ಕಾಗದದ ಮೇಲೆ 'ಸ್ವಇಚ್ಛೆಯಿಂದ' ಅಂತ ಬರೆದಿದ್ದು ಯಾರು?"

ನಮ್ಮ ಆಗಿನ ವಿಭಾಗದ ಮುಖ್ಯಸ್ಥರು. ನಾನು ಆಸ್ಪತ್ರೆಗೆ ಹೋಗುವ ಹಿಂದಿನ ದಿನ.

ಅದನ್ನು ಬರೆಯುವುದಿಲ್ಲ.

ಮಾರ್ಚ್ 30, ಭಾನುವಾರ

ಐದು ತಿಂಗಳಾಗಿತ್ತು. ಬೀದಿಗೆಲ್ಲ ಒಂದೇ ಸಾಕು ಅಂತ ಹೇಳುವವಳು ಎರಡನೆಯದನ್ನು ಹೊತ್ತು ತಿರುಗಿದರೆ ಹೇಗೆ ಅಂದರು ಮುಖ್ಯಸ್ಥರು. ಸರಿ ಅಂದೆ. ಸರಿ ಅನ್ನುವ ಮೊದಲೇ ಗರ್ಭ ತೆಗೆಸುವ ಕಾಗದ ಸಿದ್ಧವಾಗಿತ್ತು. ಆ ವರ್ಷ ಆದರ್ಶ ಕಾರ್ಯಕರ್ತೆ ಅಂತ ಹೂಮಾಲೆ ಹಾಕಿದರು. ಯಿಂಗ್‌ಗೆ ಮೂರು ವರ್ಷ, ಮಾಲೆಯ ಹೂವು ಕಿತ್ತು ಆಡುತ್ತಿದ್ದಳು.

ಸಾಕು. ನಾಳೆ ಬೇಗ ಹೋಗಬೇಕು, ಕೆಲಸವಿದೆ.

ಮಾರ್ಚ್ 31, ಸೋಮವಾರ

ಏಳೂವರೆಗೆ ಕಚೇರಿಗೆ ಹೋದೆ. ಡೌ ಸಾಹೇಬರು ಬಂದ ಕೂಡಲೇ ಹೇಳಿದೆ: ದಾಖಲೆ ಸುಳ್ಳು, ಗುರುತು ಹಾಕಿದ್ದು ನಾನು, ಅವಳು ನನ್ನ ಮಗಳು. ಅವರು ಎದ್ದು ಬಾಗಿಲು ಹಾಕಿ ಬಂದರು.

"ಫಾಂಗ್ ಅಕ್ಕ, ಮನೆ ವಿಷಯ ಮನೇಲಿರ್ಲಿ. ಕಂಪ್ಯೂಟರಿನ ದೋಷ ಅಂತ ಹಾಕೋಣ. ಯಾರಿಗೂ ತೊಂದ್ರೆ ಇಲ್ಲ."

"ಕಂಪ್ಯೂಟರು ಪಾಪ ಏನ್ಮಾಡಿತ್ತು? ಅದು ಸಮಯ ಕೇಳ್ತು, ನಾನು ಸುಳ್ಳು ಸಮಯ ಕೊಟ್ಟೆ."

"ಜಿಲ್ಲೆಗೇ ಮೊದಲು ಅಂತ ನಮಗೆ ಫಲಕ ಕೊಟ್ಟಿದ್ದಾರೆ ಅಕ್ಕ!"

"ವಾಪಸ್ ಕೊಡಿ. ಗೋಡೆ ಮೇಲೆ ಜಾಗಾನೂ ಇಲ್ಲ."

ಅವರು ಮೇಲಿನವರಿಗೆ ಫೋನ್ ಮಾಡಲು ಹೊರಗೆ ಹೋದರು. ನಾನು ನನ್ನ ಫೋನು ತೆಗೆದು ಬರೆದೆ. ನಾಲ್ಕು ಸಾಲು ಸಾಕಾಯಿತು.

"ಮಾರ್ಚ್ 7ರಂದು ಈ ಮಹಿಳೆಗೆ ಯಾರೂ ಫೋನ್ ಮಾಡಿಲ್ಲ. ಕೇಳದೆಯೇ 'ಇದೆ' ಅಂತ ಹಾಕಿದ್ದು ನಾನು. ಫೋನ್ ಎತ್ತದ ಇನ್ನೂ ಹದಿನೆಂಟು ಜನರಿಗೆ ಹೀಗೆಯೇ ಮಾಡಿದ್ದೇನೆ. ಅವಳು ಸುಳ್ಳು ಹೇಳಿಲ್ಲ, ಹೇಳಿದ್ದು ನಾನು. ಫಾಂಗ್ ಗ್ವಿಚಿನ್, ಅವಳ ತಾಯಿ."

ಒತ್ತಿದೆ. ಆಮೇಲೆ ಈ ತಿಂಗಳು ನಾನು ಒಳಗೆ ತಡೆದಿಟ್ಟಿದ್ದ ಕಾಮೆಂಟುಗಳನ್ನೂ ಹೊರಗೆ ಬಿಟ್ಟೆ. ಬೆಕ್ಕಿನ ಮರಿಯದು, ದಂಡದ ರಸೀದಿಯದು, ಎಲ್ಲವನ್ನೂ ಒಂದೊಂದಾಗಿ ಒತ್ತಿದೆ. "ನಿಮಗೆ ಎಷ್ಟು ಬೇಕಿತ್ತು" ಅನ್ನುವುದನ್ನೂ. ಅಧಿಕಪ್ರಸಂಗವೇ, ಆದರೆ ಕೇಳಿದ್ದರಲ್ಲಿ ತಪ್ಪೇನಿದೆ. ಆರುನೂರರ ಹತ್ತಿರ ಬಂದಾಗ ಡೌ ಸಾಹೇಬರು ಓಡಿ ಬಂದು ಫೋನು ಕಿತ್ತುಕೊಂಡರು.

ಏಪ್ರಿಲ್ 1, ಮಂಗಳವಾರ

ನಾಳೆಯಿಂದ ಬರಬೇಡಿ ಅಂದರು. ಬರಹವನ್ನು ಒಂದೇ ಗಂಟೆಯಲ್ಲಿ ತೆಗೆದಿದ್ದಾರೆ, ಅಷ್ಟರಲ್ಲಿ ಜನ ಚಿತ್ರ ತೆಗೆದುಕೊಂಡು ಎಲ್ಲ ಕಡೆ ಹಾಕಿದ್ದಾರೆ. ಮೂರು ಲಕ್ಷ ಜನ ಓದಿದ್ದಾರಂತೆ.

ಯಿಂಗ್‌ಳ ಕಾರ್ಖಾನೆಗೆ ಹೋದೆ. ನೌಕರರ ವಿಭಾಗದ ಹೆಂಗಸು ಟೀ ಕೊಟ್ಟಳು. ನನ್ನ ಬರಹವನ್ನು ಅಚ್ಚು ಹಾಕಿಸಿ ತಂದಿದ್ದೆ, ಮೇಜಿನ ಮೇಲಿಟ್ಟೆ. ಓದಿ, ಮಡಚಿ, ವಾಪಸ್ ಕೊಟ್ಟಳು. "ನಮಗೆ ಅರ್ಥ ಆಗುತ್ತೆ ಚಿಕ್ಕಮ್ಮ. ಆದ್ರೆ ಆದೇಶ ಆಗಿಹೋಗಿದೆ. ಅದೂ ಅಲ್ದೆ ನಿಮ್ಮ ಮಗಳಿಗೆ ಮೂವತ್ಮೂರು, ಇವತ್ತಲ್ಲ ನಾಳೆ..."

"ಇವತ್ತಲ್ಲ ನಾಳೆ ಏನು? ಅವಳನ್ನ ಕೇಳಿದ್ದೀಯೇನಮ್ಮ ನೀನು?" ಅಂದೆ. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನೋಡಲಿ.

ಜಾಗ ಸಿಗಲಿಲ್ಲ. ನಾನು ಹೋಗಿ ಕೇಳಿದ್ದು ಒಂದೂ ಸಿಗದೆ ಬಂದದ್ದು ಇದೇ ಮೊದಲು. ತುಂಬಾ ಸಂಕಟವಾಯಿತು. ಬಸ್ಸಿನಲ್ಲಿ ಅಳುತ್ತಾ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟೆ.

ಏಪ್ರಿಲ್ 4, ಶುಕ್ರವಾರ

ಹಿರಿಯರ ಸಮಾಧಿ ಗುಡಿಸುವ ದಿನ. ಯಿಂಗ್ ಬರುವುದಿಲ್ಲ ಅಂದುಕೊಂಡಿದ್ದೆ. ಗುಡ್ಡದ ಬುಡದಲ್ಲಿ ಪೊರಕೆ ಹಿಡಿದು ಕಾಯುತ್ತಿದ್ದಳು. ಅಪ್ಪನ ಕೈಚೀಲ ತಾನು ತೆಗೆದುಕೊಂಡಳು.

"ಮೂರು ಲಕ್ಷ ಜನಕ್ಕೆ ಹೇಳಿದೆ ನೀನು" ಅಂದಳು ಅರ್ಧ ಗುಡ್ಡ ಹತ್ತಿದ ಮೇಲೆ. "ನಂಗೆ ಹೇಳಲಿಲ್ಲ."

"ಏನನ್ನ?"

ಪೊರಕೆ ಹೆಗಲಿಗೇರಿಸಿಕೊಂಡು ಮುಂದೆ ಹತ್ತತೊಡಗಿದಳು.

"ತಪ್ಪಾಯ್ತು ಕಣೆ" ಅಂದೆ. "ನಿನ್ನ ಕೆಲಸ ಕೆಡಿಸ್ದೆ. ಕೇಳ್ಬೇಕಿತ್ತು, ಕೇಳಲಿಲ್ಲ. ತಪ್ಪಾಯ್ತು." ನನ್ನ ದನಿ ಸಣ್ಣದಲ್ಲ, ಮೇಲಿನ ಸಾಲಿನ ಸಮಾಧಿಯ ಹತ್ತಿರ ಇದ್ದವರೆಲ್ಲ ತಿರುಗಿದರು. ಯಿಂಗ್ "ಮೆಲ್ಲಗಮ್ಮ" ಅಂದಳು. ಬೇರೆ ಕಾರ್ಖಾನೆಯೊಂದಕ್ಕೆ ಅರ್ಜಿ ಹಾಕಿದ್ದಾಳಂತೆ. ಸಂದರ್ಶನದಲ್ಲಿ ಮಗುವಿನ ವಿಷಯ ಕೇಳಿಯೇ ಕೇಳುತ್ತಾರಂತೆ. ಏನು ಹೇಳುತ್ತೀಯಾ ಅಂತ ಬಾಯಿಗೆ ಬಂತು, ಕೇಳಲಿಲ್ಲ.

ಅತ್ತೆ ಮಾವನ ಸಮಾಧಿ ಗುಡಿಸಿ, ಹಸಿರು ಅಕ್ಕಿಯುಂಡೆ ಇಟ್ಟೆವು. ಸತ್ತವರಿಗೆ ಕಳಿಸುವ ಕಾಗದದ ಹಣವನ್ನು ಲಕೋಟೆಗೆ ತುಂಬಿ, ತಲುಪಬೇಕಾದವರ ಹೆಸರನ್ನು ನಡುವೆ, ಕಳಿಸುವವರ ಹೆಸರನ್ನು ಕೆಳಗೆ ಬರೆದು, ಕಬ್ಬಿಣದ ಡ್ರಮ್ಮಿನಲ್ಲಿ ಸುಡಬೇಕು. ಹೆಸರಿಲ್ಲದಿದ್ದರೆ ಬೇರೆಯವರು ಎತ್ತಿಕೊಳ್ಳುತ್ತಾರೆ ಅನ್ನುತ್ತಾರೆ. ಪ್ರತಿ ವರ್ಷ ಬರೆಯುವವಳು ನಾನೇ, ನನ್ನ ಅಕ್ಷರ ಚೆನ್ನಾಗಿದೆ. ಇವತ್ತು ಪೆನ್ನು ಯಿಂಗ್‌ಗೆ ಕೊಟ್ಟೆ. ಎರಡು ಬರೆದಳು.

"ಇನ್ನೊಂದಿದೆ" ಅಂದೆ.

"ಯಾರಿಗೆ?"

ತೊಂಬತ್ತೈದರ ವಿಷಯ ಹೇಳಿದೆ. ನಮ್ಮನೆಯವರು ಬೆನ್ನು ತಿರುಗಿಸಿಕೊಂಡು ಕಳೆ ಕೀಳತೊಡಗಿದರು, ಅಲ್ಲಿ ಕಳೆಯೇ ಇರಲಿಲ್ಲ. ಯಿಂಗ್ ಲಕೋಟೆಯನ್ನು ಮೊಣಕಾಲ ಮೇಲಿಟ್ಟು ಮಡಿಕೆ ಸವರಿದಳು.

"ನಿಂಗೆ ಬೇಕಿತ್ತಾ ಅಮ್ಮ?"

"ಬೇಕಿತ್ತು."

"ಹೆಸರು ಏನು ಬರೀಲಿ?"

ಹೆಣ್ಣೋ ಗಂಡೋ ಅಂತ ಕೂಡ ನಾನು ಕೇಳಿರಲಿಲ್ಲ. "ಖಾಲಿ ಬಿಡು. ಗೊತ್ತಿಲ್ಲದ್ದನ್ನ ಬರೆಯೋದು ಬೇಡ" ಅಂದೆ.

"ಖಾಲಿ ಬಿಟ್ರೆ ಹೇಗಮ್ಮ ತಲುಪುತ್ತೆ?"

ಗೊತ್ತಿಲ್ಲ ಅಂದೆ. ಅವಳು ನಡುವಿನ ಜಾಗ ಹಾಗೇ ಬಿಟ್ಟಳು. ಕೆಳಗೆ ಕಳಿಸುವವರ ಜಾಗದಲ್ಲಿ ಬರೆದಳು: ಅಮ್ಮ, ಅಕ್ಕ.

ನನ್ನ ಮುಂದೆ ಹಿಡಿದು, "ಇದು ಸರೀನಾ?" ಅಂತ ಕೇಳಿದಳು.

ಸರಿ ಅಂದೆ.